ಅಪ್ಪನ ವಿಲ್ ಕೋರ್ಟಿಗೆ ಹಾಕಿಸಲು ಹೋಗಿ ಟೋಪಿ ಹಾಕಿಸಿಕೊಂಡೆ

ಮೈಸೂರಿನಲ್ಲಿ ಕೋರ್ಟ್ ಹತ್ತಿರ ಯಾರಾದರೂ "ವಿಲ್ ಕೆಲಸ ಎಲ್ಲಾ ನಾನೇ ಮಾಡಿಸ್ತೀನಿ ಸಾರ್" ಅಂದರೆ ಒರಿಜಿನಲ್ ಕೊಡಬೇಡಿ. ಕೊಡಲೇಬೇಡಿ. ನಾನು ಕೊಟ್ಟೆ.

ಹೇಳಿಕೊಳ್ಳೋಕೆ ನಾಚಿಕೆ. 30 ವರ್ಷ ಬ್ಯಾಂಕಿನಲ್ಲಿದ್ದವನು ನಾನು. ಯಾರದೇ ಮನೆ ಪತ್ರ ತೆಗೆದುಕೊಂಡರೂ ರಸೀದಿ ಕೊಡದೆ ಕಳಿಸಿದವನಲ್ಲ. ಸ್ವಂತ ಅಪ್ಪನ ವಿಲ್ಲನ್ನು ಒಂದು ಚೀಟಿಯೂ ಇಲ್ಲದೆ ಕೊಟ್ಟು ಬಂದೆ.

ಅವನು ವಕೀಲನಲ್ಲ, ಏಜೆಂಟ್. "ಪ್ರೊಬೇಟ್ ಇಲ್ದೆ ಆಸ್ತಿ ಖಾತೆ ಆಗೋದೇ ಇಲ್ಲ, ಕಡ್ಡಾಯ" ಅಂದ. ಪ್ರೊಬೇಟ್ ಅಂದರೆ ವಿಲ್ ಅಸಲಿ ಅಂತ ಕೋರ್ಟ್ ಕೊಡುವ ಪ್ರಮಾಣಪತ್ರ. ಮೊದಲು 40,000. ಆಮೇಲೆ ಪೇಪರ್ ಪ್ರಕಟಣೆಗೆ ಅಂತ 6,000. ಪ್ರಕಟಣೆ ಯಾವ ಪೇಪರಿನಲ್ಲಿ ಬಂತು ಅಂತ ಕೇಳಿದರೆ "ಬರುತ್ತೆ ಸಾರ್". ಕೇಸ್ ಏನಾಯ್ತು? "ಜಡ್ಜ್ ರಜೆ ಸಾರ್". ಮುಂದಿನ ವಾರ? "ಆಫೀಸ್ ಆಬ್ಜೆಕ್ಷನ್ ಹಾಕಿದಾರೆ ಸಾರ್". ಏಳು ತಿಂಗಳು ಇದೇ ಪಾಠ.

ಕೊನೆಗೆ ಜೋರು ಮಾಡಿದ್ದಕ್ಕೆ ಒಂದು ಪಿ ಅಂಡ್ ಎಸ್‌ಸಿ ನಂಬರ್ (ಪ್ರೊಬೇಟ್, ಉತ್ತರಾಧಿಕಾರದ ಕೇಸುಗಳಿಗೆ ಕೋರ್ಟ್ ಹಾಕುವ ನಂಬರ್) ಬರೆದುಕೊಟ್ಟ. ಮಗಳು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದಳು. ಕೇಸೇನೋ ಬಂತು. ಅರ್ಜಿದಾರರ ಹೆಸರು ಬೇರೆ ಯಾರದೋ! "ಅಪ್ಪಾ, ಇವರು ಯಾರು?" ಅಂದಳು. ಏನು ಹೇಳಲಿ? ತಾತನ ವಿಲ್ ಎಲ್ಲಿದೆ ಅಂತಲೇ ನನಗೆ ಗೊತ್ತಿಲ್ಲ ಅನ್ನಲಾ?

ಅವತ್ತೇ ಒಬ್ಬ ನಿಜವಾದ ವಕೀಲರ ಹತ್ತಿರ ಓಡಿದೆ. ವಿಲ್ಲಿನ ಜೆರಾಕ್ಸ್ ನೋಡಿ ಅವರು ಕೇಳಿದ ಮೊದಲ ಮಾತು, "ಇದರಲ್ಲಿ ಎಕ್ಸಿಕ್ಯೂಟರ್ ಯಾರು?" ಅಂದರೆ ವಿಲ್ಲಿನಂತೆ ಆಸ್ತಿ ಹಂಚೋಕೆ ಅಪ್ಪ ಹೆಸರಿಸಿದವರು. ಅಂಥವರು ಯಾರೂ ಇಲ್ಲ. ಹಾಗಿದ್ದರೆ ಪ್ರೊಬೇಟ್ ಸಿಗೋದೇ ಇಲ್ಲವಂತೆ. ವಿಲ್ ಲಗತ್ತಿಸಿ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಸ್ತಿ ನಿರ್ವಹಿಸೋಕೆ ಕೋರ್ಟ್ ಕೊಡುವ ಅಧಿಕಾರ ಪತ್ರ, ಕೇಳಬೇಕಂತೆ. ಅದೂ ಬೇಕಾದರೆ ಮಾತ್ರ. 1925ರ ಉತ್ತರಾಧಿಕಾರ ಕಾನೂನಿನಲ್ಲಿ ಹಿಂದೂಗಳಿಗೆ ಆ ಕಡ್ಡಾಯ ಇದ್ದದ್ದು ಮುಂಬೈ, ಚೆನ್ನೈ, ಕೋಲ್ಕತ್ತಗಳ ಕಡೆಯ ವಿಲ್‌ಗಳಿಗೆ. ಮೈಸೂರಿಗಲ್ಲ. ನನ್ನ ತಮ್ಮ, ತಂಗಿ ಯಾರದೂ ತಕರಾರಿರಲಿಲ್ಲ. ಮೊದಲು ಸುಮ್ನೆ ಖಾತೆಗೆ ಅರ್ಜಿ ಕೊಟ್ಟು ನೋಡಬಹುದಿತ್ತು, ಅಲ್ವಾ?

ಏಜೆಂಟನನ್ನು ಹಿಡಿದು ಕೇಳಿದೆ. "ಕಡ್ಡಾಯ ಅಂತ ನಾನೆಲ್ಲಿ ಅಂದೆ ಸಾರ್? ಮಾಡಿಸಿದ್ರೆ ಒಳ್ಳೇದು ಅಂದೆ." ನನ್ನ ಎದುರಿಗೇ!

ನೀವು ಹೋಗುವುದಾದರೆ ವಕೀಲರ ಹತ್ತಿರವೇ ಹೋಗಿ, ವಕಾಲತ್ತಿಗೆ ಸಹಿ ಹಾಕಿ, ಒರಿಜಿನಲ್ ಕೊಟ್ಟರೆ ಕೈಬರಹದ ರಸೀದಿಯಾದರೂ ಪಡೆಯಿರಿ. ನಂಬರ್ ಕೊಟ್ಟರೆ ಅಲ್ಲೇ ನಿಂತು ಮೊಬೈಲಿನಲ್ಲಿ ನೋಡಿ. ವಿಲ್ ನೋಂದಣಿ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಮೊದಲೇ ತೆಗೆಸಿಟ್ಟುಕೊಳ್ಳಿ. ನಮ್ಮದು ನೋಂದಣಿ ಆಗಿರಲಿಲ್ಲ. ಅದಕ್ಕೇ ಅಷ್ಟು ದಿನ ನಿದ್ದೆ ಬರಲಿಲ್ಲ.

ಪೊಲೀಸ್ ಅಂದ ಮೇಲೆ ವಿಲ್ ವಾಪಸ್ ಬಂತು. ಫೈಲಿಗೆ ಹಾಕಲು ಪಂಚ್ ಮಾಡಿದ್ದಾನೆ, ಒಂದು ತೂತು ಸರಿಯಾಗಿ ಅಪ್ಪನ ಸಹಿಯ ಮೇಲೆ. ದುಡ್ಡು ಕೇಳಿದರೆ, "ಕಾಗದ ಕೊಟ್ನಲ್ಲ ಸಾರ್, ಇನ್ನೇನು?"