ಜಾಲರಿಯ ಹೆಡ್ ಗಾರ್ಡ್: ಎರಡು ವರ್ಷಕ್ಕೂ ಮಿಗಿಲಾದ ಬಳಕೆಯ ನಂತರ

ಕಿಕ್‌ಬಾಕ್ಸಿಂಗ್ ಸ್ಪಾರಿಂಗ್‌ಗೆಂದು, ಅಂದರೆ ಅಭ್ಯಾಸದ ಕಾದಾಟಕ್ಕೆಂದು ಕೊಂಡ, ಮುಖದ ಮುಂದೆ ಪ್ಲಾಸ್ಟಿಕ್ ಜಾಲರಿಯಿರುವ ಈ ಹೆಡ್ ಗಾರ್ಡಿನ ಬಗ್ಗೆ ಬರೆಯಲು ಅದರ ಒಂದೇ ಒಂದು ದೋಷ ಕಾರಣ. ಫೋಮಿನ ದಪ್ಪ, ಅಳತೆ, ಬಣ್ಣಗಳೆಲ್ಲ ಮಾರಾಟದ ಪುಟದಲ್ಲೇ ಇವೆ.

ಬೆಳಿಗ್ಗೆ ಗ್ರಾಹಕರೆದುರು ಕೂರಬೇಕಾದ ಉದ್ಯೋಗ ನನ್ನದು. ಹುಬ್ಬು ಸೀಳಿಸಿಕೊಂಡೋ ಮೂಗು ಊದಿಸಿಕೊಂಡೋ ಕಚೇರಿಗೆ ಹೋಗುವಂತಿಲ್ಲ. ಆ ಮಟ್ಟಿಗೆ ಕೊಟ್ಟ ಹಣ ವ್ಯರ್ಥವಾಗಿಲ್ಲ. ಇದರ ಆರೈಕೆಯೂ ನನಗೆ ಪ್ರಿಯವಾದ ಕೆಲಸವೇ ಆಗಿದೆ: ಮನೆಗೆ ಬಂದೊಡನೆ ಜಾಲರಿಯನ್ನು ಬಿಚ್ಚಿ, ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒಳಭಾಗವನ್ನು ಒರೆಸಿ, ಹಳೆಯ ದಿನಪತ್ರಿಕೆಯ ಹಾಳೆಗಳನ್ನು ತುರುಕಿ ಫ್ಯಾನಿನ ಕೆಳಗೆ ಬೋರಲು ಹಾಕುತ್ತೇನೆ. ಬಿಸಿಲಿಗಿಟ್ಟರೆ ರೆಕ್ಸಿನ್ ಬಿರಿಯುತ್ತದೆ. ಮಳೆಗಾಲದಲ್ಲಿ ಒಂದು ದಿನ ಮರೆತರೂ ವಾಸನೆ ಹಿಡಿಯುತ್ತದೆ.

ಇನ್ನು ದೋಷ. ಜಾಲರಿಯು ಮೂಗಿನಿಂದ ಎರಡು ಮೂರು ಬೆರಳು ಮುಂದಕ್ಕಿದೆ, ಆದ್ದರಿಂದ ಬರಿಮುಖವಾಗಿದ್ದರೆ ಗಾಳಿಯಲ್ಲೇ ಮುಗಿದುಹೋಗುತ್ತಿದ್ದ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಇಲ್ಲಿ ಟಕ್ಕೆಂದು ತಗಲುತ್ತದೆ, ತಗಲಿದರೂ ನೋಯುವುದಿಲ್ಲ. ಹೀಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರ ದೂರದ ಲೆಕ್ಕವೇ ತಪ್ಪುತ್ತದೆ, ಗದ್ದ ತಾನಾಗಿ ಮೇಲೇಳುತ್ತದೆ, ಮುಖವನ್ನೇ ಮುಂದೊಡ್ಡಿ ನುಗ್ಗುವ ಧೈರ್ಯ ಬರುತ್ತದೆ. ಕೆಳಗಿನಿಂದ ಬರುವ ಅಪ್ಪರ್‌ಕಟ್ ಕಾಣುವುದಿಲ್ಲ. ಎದುರಿನವರೂ, ಹೇಗಿದ್ದರೂ ಕವಚವಿದೆಯಲ್ಲ ಎಂದು ಹೊಡೆತದ ಬಲವನ್ನು ಹತೋಟಿಯಲ್ಲಿಡುವುದನ್ನು ಬಿಡುತ್ತಾರೆ. ಫೋಮು ಚರ್ಮವನ್ನು ಕಾಯುತ್ತದೆ, ನಿಜ. ಆದರೆ ಪಕ್ಕದಿಂದ ಬರುವ ಹುಕ್ ಬಿದ್ದಾಗ ತಲೆ ತಿರುಗುವುದನ್ನೂ ಅದರೊಳಗೆ ಮೆದುಳು ಅಲುಗುವುದನ್ನೂ ತಡೆಯುವ ಶಕ್ತಿ ಅದಕ್ಕಿಲ್ಲ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ಸೀನಿಯರ್ ವಿಭಾಗದ ಪುರುಷರ ಹೆಡ್ ಗಾರ್ಡನ್ನು 2013ರಲ್ಲಿ ತೆಗೆದುಹಾಕಿ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರನ್ನು ಬರಿತಲೆಯಲ್ಲೇ ಆಡಿಸಿದ್ದರ ಹಿಂದೆ ಇದೇ ವಾದವಿತ್ತು.

ಜಾಲರಿಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಜಪಾನಿನ ಕತ್ತಿವರಸೆಯಾದ ಕೆಂಡೊದಲ್ಲಿ 18ನೆಯ ಶತಮಾನದಿಂದಲೂ ಜಾಲರಿಯ ಮುಖಕವಚವಿದೆ, ಬಿದಿರಿನ ಕತ್ತಿಯಾದ ಶಿನಾಯ್‌ನಿಂದ ಪೂರ್ಣ ಬಲದಲ್ಲಿ ಹೊಡೆಯಲು ಸಾಧ್ಯವಾದದ್ದೇ ಅದರಿಂದ. ಅಲ್ಲಿ ದೂರವನ್ನು ನಿರ್ಧರಿಸುವುದು ಕತ್ತಿಯ ಉದ್ದವಾದ್ದರಿಂದ ಎರಡು ಬೆರಳಿನ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಮುಷ್ಟಿಯ ಆಟದಲ್ಲಿ ಆ ಎರಡು ಬೆರಳೇ ಸರ್ವಸ್ವ. ಹಾಗೆಂದು ಕವಚವನ್ನೆಲ್ಲ ಕಿತ್ತೆಸೆದರೆ ನೈಜತೆ ತಾನಾಗಿ ಬಂದುಬಿಡುವುದೂ ಇಲ್ಲ. ಕ್ಯೊಕುಶಿನ್ ಕರಾಟೆಯವರು ಬರಿಮುಷ್ಟಿಯಲ್ಲಿ ಎದೆಗೂ ಹೊಟ್ಟೆಗೂ ಪೂರ್ಣ ಬಲದಿಂದ ಗುದ್ದುತ್ತಾರೆ, ಆದರೆ ಮುಖಕ್ಕೆ ಕೈಯಿಂದ ಹೊಡೆಯುವುದು ಅವರ ನಿಯಮದಲ್ಲಿ ನಿಷಿದ್ಧ. ಆದ್ದರಿಂದಲೇ ಅವರಲ್ಲಿ ಹಲವರು ಮುಖದ ರಕ್ಷಣೆಯ ಗೊಡವೆಯಿಲ್ಲದೆ ಎದೆಗೆ ಎದೆ ಕೊಟ್ಟು ನಿಂತುಬಿಡುತ್ತಾರೆ.

ಈಗ ಇದನ್ನು ಹೊಸಬರೊಡನೆ ಆಡುವಾಗ ಮಾತ್ರ ತೊಡುತ್ತೇನೆ. ಅವರ ಕೈಗೆ ಇನ್ನೂ ಅಳತೆ ಬಂದಿರುವುದಿಲ್ಲ, ಅವರ ಅಡ್ಡಾದಿಡ್ಡಿ ಹೊಡೆತಗಳೆದುರು ಇದು ನಿಜಕ್ಕೂ ವರವೇ. ಪರಿಚಿತರೊಡನೆ ಮೌತ್‌ಗಾರ್ಡ್, 16 ಔನ್ಸ್ ಗ್ಲೌಸ್, ಮುಟ್ಟಿದಷ್ಟೇ ಬಲ, ಇಷ್ಟೇ ಸಾಕು. ಬಜೆಟ್ ನನ್ನಂತೆ ಬಿಗಿಯಾಗಿರುವವರು ಆ ಎರಡನ್ನು ಮೊದಲು ಕೊಳ್ಳಲಿ. ಹಣ ಉಳಿದರೆ ಜಾಲರಿಯಿಲ್ಲದ, ಕೆನ್ನೆ ಮುಚ್ಚುವ ಮಾದರಿಯನ್ನು ನೋಡಲಿ. ಇದಕ್ಕೆ ಐದರಲ್ಲಿ ಮೂರು ಅಂಕ. ಗದ್ದದ ವೆಲ್ಕ್ರೊ ಒಂದೇ ವರ್ಷದಲ್ಲಿ ಸೋತು, ಚಪ್ಪಲಿ ಹೊಲಿಯುವವರಿಂದ ಹೊಸದನ್ನು ಹಾಕಿಸಬೇಕಾಯಿತು. ಅವರ ಹೊಲಿಗೆ ಮಾತ್ರ ಇಂದಿಗೂ ಬಿಟ್ಟಿಲ್ಲ.