ಎಸ್‌ಜಿಪಿಟಿ ಇಳಿಯಿತೆಂದು ಕಾಮಣಿ ವಾಸಿಯಾಯಿತು ಅನ್ನಬೇಡಿ

ಹಾವೇರಿ ಕಡೆಯ ಹಳ್ಳಿಯೊಂದರಲ್ಲಿ ಕಾಮಣಿ (ಕಾಮಾಲೆ) ಆದ ಯುವಕನ ಎರಡು ರಿಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಯಕೃತ್ತಿನ ಕಿಣ್ವವಾದ ಎಸ್‌ಜಿಪಿಟಿ 2,860, ಕಣ್ಣು-ಮೈ ಹಳದಿಯಾಗಿಸುವ ಬಿಲಿರುಬಿನ್ 7.2. ಐದು ದಿನ ಬಿಟ್ಟು ಮಾಡಿಸಿದ್ದರಲ್ಲಿ ಎಸ್‌ಜಿಪಿಟಿ 640, ಬಿಲಿರುಬಿನ್ 16.8. ಮನೆಯವರು ನೋಡಿದ್ದು ಎಸ್‌ಜಿಪಿಟಿ ಸಾಲನ್ನಷ್ಟೇ. ರಿಪೋರ್ಟ್ ಕೊಟ್ಟ ಕಡೆಯೂ "ನಂಬರ್ ಭಾಳ ಇಳದಾವ್ರಿ, ಚಿಂತಿ ಮಾಡಬ್ಯಾಡ್ರಿ" ಅಂದರು. ಗಾವಟಿ ಔಷಧ ಹತ್ತಿತು ಅಂತ ಎಲ್ಲರಿಗೂ ಸಮಾಧಾನವಾಯಿತು. ಹುಡುಗ ಹಗಲೆಲ್ಲ ಮಲಗುತ್ತಿದ್ದ, ರಾತ್ರಿ ಎದ್ದು ಕೂರುತ್ತಿದ್ದ; ಅದನ್ನು ನಿತ್ರಾಣ ಅಂದುಕೊಂಡರು. ಹುಬ್ಬಳ್ಳಿಗೆ ಕರೆತರುವ ಹೊತ್ತಿಗೆ ಅವನಿಗೆ ಮನೆಯವರ ಗುರುತೇ ಹತ್ತುತ್ತಿರಲಿಲ್ಲ. ಅಲ್ಲಿಯವರೆಗೆ ಯಾರೂ ಮಾಡಿಸದ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಪರೀಕ್ಷೆ) ಅಂದು 4.1 ಬಂತು. ಹುಡುಗ ಉಳಿಯಲಿಲ್ಲ.

ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಯಕೃತ್ತಿನ ಜೀವಕೋಶಗಳ ಒಳಗಿರುವ ಕಿಣ್ವಗಳು. ಕೋಶ ಒಡೆದಾಗ ರಕ್ತಕ್ಕೆ ಚೆಲ್ಲುತ್ತವೆ. ರಕ್ತಕ್ಕೆ ಬಂದ ಎಸ್‌ಜಿಪಿಟಿ ಸುಮಾರು ಎರಡು ದಿನಕ್ಕೆ ಅರ್ಧವಾಗುತ್ತದೆ, ಎಸ್‌ಜಿಒಟಿ ಒಂದು ದಿನದೊಳಗೇ. ಹೊಸದಾಗಿ ಚೆಲ್ಲದಿದ್ದರೆ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಹರಿದ ಚೀಲದಿಂದ ಕಾಳು ಸುರಿಯುವುದು ನಿಂತಿತು ಅಂದರೆ ಚೀಲ ಹೊಲಿದಿರಬಹುದು, ಒಳಗೆ ಕಾಳೇ ಉಳಿಯದೆಯೂ ಇರಬಹುದು. ಯಾವುದೆಂದು ಈ ಎರಡು ಸಂಖ್ಯೆಗಳು ಹೇಳಲಾರವು.

ಹೇಳುವುದು ಅದೇ ಐಎನ್‌ಆರ್, ಅಂದರೆ ಪಿಟಿ-ಐಎನ್‌ಆರ್ ಪರೀಕ್ಷೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತೇ ತಯಾರಿಸಬೇಕು. ಅವುಗಳಲ್ಲಿ ಒಂದರ ಆಯಸ್ಸು ಕೆಲವೇ ಗಂಟೆ. ಹಾಗಾಗಿ ಯಕೃತ್ತು ಕೆಲಸ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಐಎನ್‌ಆರ್ ಏರುತ್ತದೆ. ಸಾಮಾನ್ಯವಾಗಿ ಅದು 1ರ ಆಸುಪಾಸು. ಹೊಸದಾಗಿ ಕಾಮಣಿಯಾದವರಲ್ಲಿ 1.5 ಮುಟ್ಟಿ, ಜೊತೆಗೆ ಮಂಪರು ಅಥವಾ ಗೊಂದಲ ಕಂಡರೆ ಅದು ಯಕೃತ್ತಿನ ವೈಫಲ್ಯ. ಯಕೃತ್ತೇ ತಯಾರಿಸುವ ಪ್ರೋಟೀನ್ ಅಲ್ಬುಮಿನ್ ಸರಿಯಿದೆಯೆಂದು ನೆಚ್ಚಿಕೊಳ್ಳಬೇಡಿ. ಅದು ಅರ್ಧಕ್ಕಿಳಿಯಲು ಮೂರು ವಾರ ಬೇಕು.

ಎಡವುವುದು ಇಲ್ಲೇ: ಎಲ್‌ಎಫ್‌ಟಿ (ಯಕೃತ್ತಿನ ರಕ್ತಪರೀಕ್ಷೆಗಳ ಗುಂಪು) ಪ್ಯಾಕೇಜಿನಲ್ಲಿ ಪಿಟಿ-ಐಎನ್‌ಆರ್ ಸಾಮಾನ್ಯವಾಗಿ ಸೇರಿರುವುದಿಲ್ಲ. ಡಾಕ್ಟರನ್ನು ಕೇಳಿ ಬೇರೆಯಾಗಿ ಬರೆಸಿಕೊಳ್ಳಬೇಕು. ಅದಕ್ಕೆ ರಕ್ತ ಹಿಡಿಯುವುದು ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ, ಗೆರೆಯವರೆಗೆ. ಕಡಿಮೆ ತುಂಬಿದರೆ ಐಎನ್‌ಆರ್ ಸುಳ್ಳಾಗಿ ಹೆಚ್ಚು ಬರುತ್ತದೆ. ಬಿಲಿರುಬಿನ್ ಟ್ಯೂಬನ್ನು ಬಿಸಿಲಿನಲ್ಲಿ ಬಿಟ್ಟರೆ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ, ಹಳ್ಳಿಯಿಂದ ಬೈಕಿನಲ್ಲಿ ಸ್ಯಾಂಪಲ್ ಸಾಗಿಸುವವರು ಗಮನಿಸಬೇಕು.

ಸಾಧಾರಣ ಕಾಮಣಿಯಲ್ಲೂ ಎಸ್‌ಜಿಪಿಟಿ ಇಳಿಯತೊಡಗಿದ ಮೇಲೆ ಕೆಲದಿನ ಬಿಲಿರುಬಿನ್ ಏರುವುದುಂಟು. ಅಷ್ಟಕ್ಕೇ ಗಾಬರಿ ಬೇಡ. ಹಸಿವು ಮರಳಿ, ವಾಂತಿ ನಿಂತು, ಐಎನ್‌ಆರ್ 1ರ ಹತ್ತಿರವೇ ಇದ್ದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಇನ್ನೊಂದು ಬಗೆಯ ಸುಳ್ಳು ಗಾಬರಿಯೂ ಇದೆ: ಎಸ್‌ಜಿಒಟಿ ಸ್ನಾಯುವಿನಲ್ಲೂ ಇರುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ದಿನವಿಡೀ ಚೀಲ ಹೊತ್ತ ಹಮಾಲರಿಗೆ ಅದೊಂದೇ ಸ್ವಲ್ಪ ಹೆಚ್ಚಿದ್ದರೆ ಸ್ನಾಯುವಿನ ಕಿಣ್ವವಾದ ಸಿಪಿಕೆ ನೋಡಿಸಿದ ಮೇಲೆ ಯಕೃತ್ತಿನ ಮಾತು.

ಮನೆಯಲ್ಲಿ ನೋಡಬೇಕಾದ್ದು ನಿದ್ದೆ. ಹಗಲು-ರಾತ್ರಿ ಅದಲುಬದಲಾಗುವುದು, ಇಂದು ಯಾವ ವಾರ ಅಂತ ಕೇಳಿದರೆ ತಡವರಿಸುವುದು, ಕಾರಣವಿಲ್ಲದೆ ರೇಗುವುದು ಮೊದಲ ಲಕ್ಷಣಗಳು. ಎರಡೂ ಕೈ ಮುಂದೆ ಚಾಚಿ ಅಂಗೈ ಹಿಂದಕ್ಕೆ ಬಾಗಿಸಿ ಹಿಡಿಯಲು ಹೇಳಿ. ಅಂಗೈ ಬಿಟ್ಟುಬಿಟ್ಟು ಜೋತುಬಿದ್ದು ಮತ್ತೆ ಏಳುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ನಿದ್ದೆ ಕೆಟ್ಟಿದೆಯೆಂದು ನಿದ್ದೆಮಾತ್ರೆಯನ್ನಂತೂ ಕೊಡಲೇಬೇಡಿ. ಮಂಪರು ಹೆಚ್ಚುತ್ತದೆ, ಲಕ್ಷಣವೂ ಮುಚ್ಚಿಹೋಗುತ್ತದೆ. ಗರ್ಭಿಣಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಕಾಮಣಿ ಕಂಡರೆ ಈ ಯಾವ ಲಕ್ಷಣವೂ ಬೇಕಿಲ್ಲ, ಅಂದೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಹೆಪಟೈಟಿಸ್ ಇ ಎಂಬ ವೈರಸ್ ಕಾಮಣಿ ಆ ಹೊತ್ತಿನಲ್ಲಿ ಜೀವಕ್ಕೇ ಎರವಾಗಬಹುದು.

ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ಇರಲಿ, ಗದಗಿನ ಜಿಮ್ಸ್ ಇರಲಿ, ಹೋಗುವಾಗ ಹಳೆಯ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ. ಜ್ವರಕ್ಕೆ ನುಂಗಿದ ಪ್ಯಾರಾಸಿಟಮಾಲ್ ಎಷ್ಟು, ಟಿಬಿ ಮಾತ್ರೆ ನಡೆದಿದೆಯೇ ಬರೆದಿಟ್ಟುಕೊಳ್ಳಿ. ಗಾವಟಿ ಔಷಧ ಕೊಟ್ಟಿದ್ದರೆ ಬೈತಾರೆಂದು ಮುಚ್ಚಿಡದೆ ಆ ಪುಡಿಯ ಪೊಟ್ಟಣವನ್ನೇ ಡಾಕ್ಟರ ಕೈಗೆ ಕೊಡಿ.