ಹನ್ನೊಂದು ಟನ್ನಿನ ಮೂರು ಎಸಿಗಳು: ಎರಡು ದಾವಣಗೆರೆಯಲ್ಲಿ, ಒಂದು ಚಿತ್ರದುರ್ಗದಲ್ಲಿ

ಕಳೆದ ವರ್ಷ 11 ಟನ್ನಿನ ಮೂರು ಎಸಿಗಳನ್ನು ನಾನೇ ಎದುರು ನಿಂತು ಕೂರಿಸಿ, ಪರೀಕ್ಷಿಸಿ, ಚಾಲೂ ಮಾಡಿಕೊಟ್ಟೆ. ಮೂರರ ಜಾತಿಯೂ ಬೇರೆ. ದಾವಣಗೆರೆಯ ಮಂಡಿಪೇಟೆಯ ಬಟ್ಟೆ ಅಂಗಡಿಗೆ ಡಕ್ಟೆಬಲ್ ಸ್ಪ್ಲಿಟ್, ಅಂದರೆ ಒಳಗೊಂದು ಹೊರಗೊಂದು ಭಾಗವಿದ್ದು ಡಕ್ಟ್ ಎಂಬ ಗಾಳಿಯ ಕೊಳವೆಯಲ್ಲಿ ತಂಪು ಹರಡುವ ಯಂತ್ರ. ಪಿ.ಬಿ. ರಸ್ತೆಯ ಪಕ್ಕದ ಒಂದು ತರಬೇತಿ ಕೇಂದ್ರದ ತಾರಸಿಗೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಪ್ಯಾಕೇಜ್ ಯಂತ್ರ. ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯ ಕಲ್ಯಾಣ ಮಂಟಪದ ಚಿಕ್ಕ ಸಭಾಂಗಣಕ್ಕೆ ನೀರಿನಿಂದ ತಣಿಯುವ ಪ್ಯಾಕೇಜ್. ಒಂದೇ ಅಳತೆಯ ಮೂರನ್ನು ಒಂದೇ ವರ್ಷ, ಒಂದೇ ಸೀಮೆಯ ಬಿಸಿಲಿನಲ್ಲಿ ನೋಡುವ ಅವಕಾಶ ನಮ್ಮ ಕಸುಬಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದಲೇ ಬರೆದಿಡುತ್ತಿದ್ದೇನೆ.

ಟನ್ ಎಂದರೆ ಯಂತ್ರದ ತೂಕವೆಂದು ತಿಳಿದವರು ಈಗಲೂ ಇದ್ದಾರೆ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ), ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್ ಶಾಖವನ್ನು ಕೋಣೆಯಿಂದ ಹೊರಗೆ ಹಾಕುವ ಶಕ್ತಿ. ಕೋಣೆಯ ಶಾಖವನ್ನು ಮೂರೂ ಯಂತ್ರಗಳು ಒಂದೇ ರೀತಿಯಲ್ಲಿ ಹೀರುತ್ತವೆ. ಹೀರಿದ್ದನ್ನು ಎಲ್ಲಿ ಬಿಡುತ್ತವೆ, ಶಾಖ ಹೊರುವ ಗ್ಯಾಸ್ ಓಡುವ ತಾಮ್ರದ ದಾರಿಯನ್ನು ಯಾರು ಬೆಸೆಯುತ್ತಾರೆ ಎಂಬಲ್ಲಿ ಅವು ಬೇರೆಯಾಗುತ್ತವೆ.

ಸ್ಪ್ಲಿಟ್‌ನಲ್ಲಿ ಆ ದಾರಿಯನ್ನು ಬೆಸೆಯುವವರು ನಾವೇ. ಬಟ್ಟೆ ಅಂಗಡಿಯ ಫಾಲ್ಸ್ ಸೀಲಿಂಗ್ ಒಳಗೆ ಗಾಳಿ ಊದುವ ಬ್ಲೋವರ್, ಎರಡು ಮಹಡಿ ಮೇಲೆ ತಾರಸಿಯಲ್ಲಿ ಶಾಖ ಹೊರಹಾಕುವ ಔಟ್‌ಡೋರ್ ಭಾಗ, ನಡುವೆ 14 ಮೀಟರ್ ತಾಮ್ರದ ಪೈಪು. ಪ್ರತಿ ಬೆಸುಗೆಯ ಹೊತ್ತಿನಲ್ಲೂ ಪೈಪಿನೊಳಗೆ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಬೇಕು. ಇಲ್ಲದಿದ್ದರೆ ತಾಮ್ರದ ಒಳಮೈ ಸುಟ್ಟು ಕಪ್ಪು ಪುಡಿಯಾಗುತ್ತದೆ. ಆ ಪುಡಿ ಮುಂದೆ ಗ್ಯಾಸಿನ ಒತ್ತಡ ಇಳಿಸುವ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ರಂಧ್ರವನ್ನು ಕಟ್ಟುತ್ತದೆ. ಹೊರಗಿನಿಂದ ನೋಡಿದವರಿಗೆ ನೈಟ್ರೋಜನ್ ಹರಿಸಿದ, ಹರಿಸದ ಎರಡೂ ಬೆಸುಗೆ ಒಂದೇ ತರಹ ಹೊಳೆಯುತ್ತವೆ. ನೈಟ್ರೋಜನ್ ಉಳಿಸುವವರು ಈ ಧೈರ್ಯದ ಮೇಲೆಯೇ ಉಳಿಸುತ್ತಾರೆ.

ಬೆಸುಗೆ ಮುಗಿದ ಸಂಜೆ ಸೋರಿಕೆ ನೋಡಲು ನೈಟ್ರೋಜನ್ ತುಂಬಿ 400 ಪಿಎಸ್‌ಐ (ಒತ್ತಡದ ಅಳತೆ) ಒತ್ತಡಕ್ಕೆ ನಿಲ್ಲಿಸಿದೆವು. ತಾರಸಿಯ ಮೇಲೆ ಆಗ 34 ಡಿಗ್ರಿ. ಬೆಳಿಗ್ಗೆ 22 ಡಿಗ್ರಿ ಇದ್ದಾಗ ಗೇಜ್ 372 ತೋರಿಸಿತು. ನನ್ನ ಜೊತೆಯ ಹುಡುಗ, "ರಾತ್ರಿ ತಂಪಾಯಿತಲ್ಲ ಅಣ್ಣಾ, ಒತ್ತಡ ಇಳಿದೇ ಇಳಿಯುತ್ತದೆ" ಎಂದ. ಅವನ ಮಾತು ಅರ್ಧ ನಿಜ. ಇಬ್ಬರೂ ಕೂತು ಲೆಕ್ಕ ಹಾಕಿದೆವು: 12 ಡಿಗ್ರಿ ಇಳಿದರೆ ಒತ್ತಡ ಸುಮಾರು 16 ಪಿಎಸ್‌ಐ ಇಳಿದು 384ರ ಆಸುಪಾಸಿನಲ್ಲಿ ನಿಲ್ಲಬೇಕು. ಉಳಿದ 12 ಎಲ್ಲಿ ಹೋಯಿತು? ಸಾಬೂನು ನೀರು ಹಚ್ಚುತ್ತಾ ಹೋದಾಗ ಔಟ್‌ಡೋರ್ ಬಳಿಯ ಒಂದು ಫ್ಲೇರ್ ಜೋಡಣೆಯಲ್ಲಿ (ಪೈಪಿನ ಬಾಯಿ ಅಗಲಿಸಿ ನಟ್ಟಿನಿಂದ ಬಿಗಿಯುವ ಕಡೆ) ಸಾಸಿವೆ ಕಾಳಿನಷ್ಟು ಗುಳ್ಳೆ ನಿಧಾನವಾಗಿ ಉಬ್ಬಿತು. ಆ ದಿನ ಅದನ್ನು ಬಿಟ್ಟಿದ್ದರೆ ಎರಡನೆಯ ಬೇಸಿಗೆಯಲ್ಲಿ ಅಂಗಡಿಯವರು "ಎಸಿ ತಂಪೇ ಮಾಡುತ್ತಿಲ್ಲ" ಎಂದು ಫೋನ್ ಮಾಡುತ್ತಿದ್ದರು.

ಆಮೇಲೆ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ಹಾಕುವುದು. ಪಂಪಿನ ಮುಳ್ಳು ಕೆಳಗೆ ಕುಳಿತ ಕೂಡಲೇ ಆಯಿತು ಎನ್ನುವುದು ನಮ್ಮೂರಿನ ಹಳೆಯ ಅಭ್ಯಾಸ. ಆ ಮುಳ್ಳಿಗೆ ತೇವಾಂಶ ಕಾಣುವುದಿಲ್ಲ. ತೀರಾ ಕಡಿಮೆ ಒತ್ತಡವನ್ನು ಅಳೆಯುವ ಮೈಕ್ರಾನ್ ಗೇಜ್ ಹಾಕಿ 500 ಮೈಕ್ರಾನ್‌ಗೆ ಇಳಿಸಿ, ಪಂಪ್ ನಿಲ್ಲಿಸಿ ನೋಡಬೇಕು. ಸಂಖ್ಯೆ ಏರುತ್ತಲೇ ಹೋದರೆ ಸೋರಿಕೆ. ಸ್ವಲ್ಪ ಏರಿ ನಿಂತರೆ ಒಳಗೆ ಇನ್ನೂ ನೀರಿನ ಅಂಶ ಇದೆ. ಮೊದಲ ಸಲ 1,500ಕ್ಕೆ ಏರಿ ನಿಂತಿತು. ಮತ್ತೆ ಎಳೆದೆವು. ಒಟ್ಟು ಐದು ಗಂಟೆ ಹಿಡಿಯಿತು. ಯಜಮಾನರು ಎರಡು ಸಲ ತಾರಸಿಗೆ ಬಂದು, "ಏನಪ್ಪಾ, ಇನ್ನೂ ಗಾಳಿ ಎಳೆಯುತ್ತಾ ಇದ್ದೀರಾ?" ಎಂದು ಕೇಳಿದರು. ಅವರಿಗೆ ಅವಸರವಿತ್ತು, ಮದುವೆಯ ಜವಳಿ ವ್ಯಾಪಾರ ಶುರುವಾಗಿತ್ತು. ಆದರೆ ಆ ಐದು ಗಂಟೆಯನ್ನು ಬಿಟ್ಟುಕೊಟ್ಟರೆ ಸ್ಪ್ಲಿಟ್ ಹಾಕಿಸುವುದರಲ್ಲಿ ಅರ್ಥವೇ ಇಲ್ಲ.

ತರಬೇತಿ ಕೇಂದ್ರದ ಪ್ಯಾಕೇಜ್ ಯಂತ್ರದಲ್ಲಿ ಈ ಯಾವ ತಾಪತ್ರಯವೂ ಇರಲಿಲ್ಲ. ಗ್ಯಾಸನ್ನು ಒತ್ತುವ ಕಂಪ್ರೆಸರ್, ಶಾಖ ಹೀರುವ ಮತ್ತು ಬಿಡುವ ಎರಡೂ ಕಾಯಿಲ್ (ಕೊಳವೆ ಸುರುಳಿ), ಬ್ಲೋವರ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಗ್ಯಾಸನ್ನು ಕಾರ್ಖಾನೆಯಲ್ಲಿಯೇ ತೂಗಿ ತುಂಬಿ ಮುಚ್ಚಿರುತ್ತಾರೆ. ನಮ್ಮ ಕೈಗೆ ಉಳಿದದ್ದು ಗಾರೆ, ಕಬ್ಬಿಣ, ವಿದ್ಯುತ್ತು ಮತ್ತು ಡಕ್ಟ್. ಕ್ರೇನ್ ಬಂದಿತು, ತೊಲೆಗಳ ಮೇಲೆ ಭಾರ ಬೀಳುವಂತೆ ಕಟ್ಟಿದ ಪೀಠದ ಮೇಲೆ ಯಂತ್ರ ಕುಳಿತಿತು, ತಾರಸಿಯಲ್ಲಿ ಕೊರೆದ ಎರಡು ಕಿಂಡಿಗಳ ಮೂಲಕ ಡಕ್ಟ್ ಕೆಳಗಿಳಿಯಿತು. ಕಿಂಡಿಯ ಸುತ್ತ ಮಳೆನೀರು ಇಳಿಯದಂತೆ ಕಟ್ಟೆ ಎತ್ತಿಸಿ ಹೊದಿಕೆ ಮಾಡಿಸುವುದಕ್ಕೆ ಯಂತ್ರ ಕೂರಿಸಿದ್ದಕ್ಕಿಂತ ಹೆಚ್ಚು ದಿನ ಬೇಕಾಯಿತು.

ಆದರೂ ಚಾಲೂ ಮಾಡಿದ ದಿನ ಅದೂ ಕಾಡಿತು. ಕಂಪ್ರೆಸರಿನ ಎಣ್ಣೆ ಕಾಯಿಸುವ ಕ್ರ್ಯಾಂಕ್‌ಕೇಸ್ ಹೀಟರ್‌ಗೆ ಹಿಂದಿನ ದಿನದಿಂದಲೇ ವಿದ್ಯುತ್ ಕೊಟ್ಟಿದ್ದೆವು. ಹಾಗೆ ಕಾಯಿಸಿ, ಎಣ್ಣೆಯಲ್ಲಿ ಬೆರೆತ ಗ್ಯಾಸನ್ನು ಬಿಡಿಸದೆ ಕಂಪ್ರೆಸರ್ ಓಡಿಸಬಾರದು. ಗುಂಡಿ ಒತ್ತಿದಾಗ ಒರಟು ಸದ್ದು ಬಂದಿತು, ಎರಡೂ ಗೇಜುಗಳು ಇದ್ದಲ್ಲೇ ನಿಂತವು. ಸ್ಕ್ರೋಲ್ ಕಂಪ್ರೆಸರ್ ಹಿಂದುಮುಂದಾಗಿ ತಿರುಗುತ್ತಿತ್ತು. ವಿದ್ಯುತ್ತಿನ ಮೂರು ಫೇಸ್‌ಗಳ ಕ್ರಮ ತಪ್ಪಿದರೆ ಯಂತ್ರವನ್ನು ತಡೆಯುವ ರಿಲೇ ಆ ಮಾದರಿಯಲ್ಲಿ ಇರಲಿಲ್ಲ. ಕೂಡಲೇ ನಿಲ್ಲಿಸಿ, ಎರಡು ಫೇಸ್ ಅದಲುಬದಲು ಮಾಡಿದ ಮೇಲೆ ಸರಿಹೋಯಿತು, ರಿಲೇಯನ್ನೂ ಹಾಕಿಸಿದೆ. ಇಲ್ಲಿ ಒಂದು ಎಚ್ಚರಿಕೆ: ಕಂಪ್ರೆಸರ್ ಕೂಗಿ ಹೇಳುತ್ತದೆ, ಬ್ಲೋವರ್ ಹೇಳುವುದಿಲ್ಲ. ಹಿಂದುಮುಂದಾಗಿ ತಿರುಗಿದರೂ ಅದು ಅಷ್ಟಿಷ್ಟು ಗಾಳಿ ಬಿಡುತ್ತದೆ, ಕೈ ಹಿಡಿದು ನೋಡಿದವರು ಸರಿಯಿದೆ ಎಂದುಕೊಳ್ಳುತ್ತಾರೆ. ಬಾಣದ ಗುರುತಿನ ದಿಕ್ಕನ್ನು ಕಣ್ಣಾರೆ ನೋಡಲೇಬೇಕು.

ಅದೇ ಮಧ್ಯಾಹ್ನ ಗ್ರಿಲ್ಲಿನಿಂದ ಹನಿ ಹನಿ ನೀರು ಬೆಂಚಿನ ಮೇಲೆ ಬಿದ್ದಿತು. ಕಾಯಿಲ್‌ನ ಆಚೆ ಬ್ಲೋವರ್ ಗಾಳಿಯನ್ನು ಎಳೆಯುವುದರಿಂದ ಒಳಗೆ ಒತ್ತಡ ಕಡಿಮೆ ಇರುತ್ತದೆ. ತಣ್ಣನೆಯ ಕಾಯಿಲ್‌ನಿಂದ ಇಳಿದ ನೀರು ಹೊರಗೆ ಹರಿಯುವ ಬದಲು ಕೆಳಗಿನ ತಟ್ಟೆಯಲ್ಲೇ ನಿಂತು ಚಿಮ್ಮುತ್ತದೆ. ಡ್ರೈನ್ ಪೈಪಿಗೆ ನಾವು ಕೊಟ್ಟಿದ್ದ ಬಾಗು ಆಳ ಸಾಲಲಿಲ್ಲ. ಇನ್ನೂ ಆಳವಾದ ಯು ಟ್ರ್ಯಾಪ್ (ಯು ಆಕಾರದ ಬಾಗು) ಕಟ್ಟಿ, ಅದರಲ್ಲಿ ನೀರು ತುಂಬಿಸಿದ ಮೇಲೆ ನಿಂತಿತು.

ಗಾಳಿಯ ಅಳತೆಯಲ್ಲಿ ಎರಡರ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ಟನ್ನಿಗೆ 400 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಎಂದರೆ 11 ಟನ್ನಿಗೆ 4,400. ತರಬೇತಿ ಕೇಂದ್ರದ ಗ್ರಿಲ್ಲುಗಳಲ್ಲಿ ಅಳೆದು ಕೂಡಿದಾಗ ಮೊದಲ ಸಲವೇ 4,250 ಬಂದಿತು. ಬಟ್ಟೆ ಅಂಗಡಿಯಲ್ಲಿ ಬರೀ 3,600. ಸೀಲಿಂಗ್ ಕೆಲಸದವರು ದೀಪಕ್ಕೆ ಜಾಗ ಮಾಡಲು ಮೆತ್ತನೆಯ ಡಕ್ಟನ್ನು ಒತ್ತಿ ಬಾಗಿಸಿದ್ದರು. ಅಂಗಡಿಯ ಸೀಲಿಂಗ್ ಒಳಗೆ ಬ್ಲೋವರ್ ಇರುವುದರಿಂದ ಫಿಲ್ಟರ್ ತೆಗೆಯಲೂ ಏಣಿ, ಕೆಳಗಿನ ಸೀರೆಗಳ ಮೇಲೆ ಹಾಸಲು ಪ್ಲಾಸ್ಟಿಕ್, ಅಂಗಡಿ ಮುಚ್ಚಿದ ಮೇಲಿನ ಸಮಯ ಎಲ್ಲವೂ ಬೇಕು. ಬಟ್ಟೆಯ ಎಳೆ ಫಿಲ್ಟರನ್ನು ಹದಿನೈದು ದಿನಕ್ಕೆ ಕಂಬಳಿಯಂತೆ ಮುಚ್ಚುತ್ತದೆ. ಪ್ಯಾಕೇಜಿನಲ್ಲಾದರೆ ತಾರಸಿಗೆ ಹತ್ತಿ ಬಾಗಿಲು ತೆಗೆದರೆ ಮುಗಿಯಿತು, ಕೆಳಗಿನ ಪಾಠ ನಿಲ್ಲುವುದಿಲ್ಲ.

ದಾವಣಗೆರೆಯ ಯಂತ್ರಗಳಿಗೆ ಇನ್ನೊಂದು ಪರೀಕ್ಷೆ ಮಂಡಕ್ಕಿ ಭಟ್ಟಿಗಳ ಹೊಗೆ. ಹಳೆಯ ಊರಿನ ಕಡೆಯ ತಾರಸಿಗಳಲ್ಲಿ ಶಾಖ ಹೊರಬಿಡುವ ಕಂಡೆನ್ಸರ್ ಕಾಯಿಲ್ ಮೇಲೆ ಮಸಿ ಎಣ್ಣೆಯಂತೆ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. 38 ಡಿಗ್ರಿ ಬಿಸಿಲಿನಲ್ಲಿ ಶುಭ್ರ ಕಾಯಿಲ್‌ಗೆ 440 ಪಿಎಸ್‌ಐ ಇದ್ದ ಒತ್ತಡ, ಎರಡು ತಿಂಗಳು ತೊಳೆಯದ ಬಟ್ಟೆ ಅಂಗಡಿಯ ಔಟ್‌ಡೋರ್‌ನಲ್ಲಿ 500ಕ್ಕೆ ಮುಟ್ಟಿತ್ತು. ತೊಳೆದ ಅರ್ಧ ಗಂಟೆಯಲ್ಲಿ 445ಕ್ಕೆ ಇಳಿಯಿತು. ಗಾಳಿಯಿಂದ ತಣಿಯುವ ಯಾವ ಯಂತ್ರಕ್ಕೂ ಇದು ತಪ್ಪದು. ಆದ್ದರಿಂದ ತಾರಸಿಗೆ ನಲ್ಲಿಯ ಸಂಪರ್ಕ ಇಲ್ಲದಿದ್ದರೆ ನಾನು ಕೆಲಸವನ್ನೇ ಶುರು ಮಾಡುವುದಿಲ್ಲ.

ಚಿತ್ರದುರ್ಗದ ಯಂತ್ರಕ್ಕೆ ಮಸಿಯ ಕಾಟವಿಲ್ಲ. ಸಭಾಂಗಣದ ಹಿಂದಿನ ಕೋಣೆಯಲ್ಲಿ ಬೀರುವಿನಂತೆ ನಿಂತಿದೆ; ಶಾಖವನ್ನು ನೀರಿಗೆ ಕೊಡುತ್ತದೆ, ಆ ನೀರು ತಾರಸಿಯ ಕೂಲಿಂಗ್ ಟವರ್‌ನಲ್ಲಿ ತಣಿದು ಮರಳುತ್ತದೆ. ಕೋಟೆಯ ಊರಿನ ಒಣ ಬೇಸಿಗೆ ಟವರ್‌ಗೆ ಹೇಳಿ ಮಾಡಿಸಿದ ಹವೆ. ಏಪ್ರಿಲ್ ಮಧ್ಯಾಹ್ನ ಹೊರಗೆ 38 ಡಿಗ್ರಿ ಇರುವಾಗ ಟವರ್‌ನಿಂದ ಬರುವ ನೀರು 28 ಡಿಗ್ರಿ ಇತ್ತು. ಪಂಪು, ಟವರ್ ಫ್ಯಾನ್ ಸೇರಿಸಿಯೂ ಮೀಟರ್ 10.8 ಕಿಲೋವ್ಯಾಟ್ ತೋರಿಸಿತು. ಅದೇ ಬಿಸಿಲಿನಲ್ಲಿ ಪ್ಯಾಕೇಜ್ 14, ಸ್ಪ್ಲಿಟ್ ಅದಕ್ಕಿಂತ ತುಸು ಹೆಚ್ಚು. ಆ ದಿನ ನಾನು ಬಹಳ ಸಂತೋಷಪಟ್ಟೆ, ಮಂಟಪದ ಮಾಲೀಕರಿಗೂ ಹಾಗೆಯೇ ಹೇಳಿದೆ.

ಎಂಟು ತಿಂಗಳ ನಂತರ ಹೋದಾಗ ಆ ಸಂತೋಷ ಉಳಿಯಲಿಲ್ಲ. ಟವರ್‌ನ ನೀರು ಮೊದಲಿನಷ್ಟೇ ತಣ್ಣಗಿತ್ತು, ಆದರೆ 37 ಡಿಗ್ರಿಗೆ ದ್ರವವಾಗುತ್ತಿದ್ದ ಗ್ಯಾಸ್ ಈಗ 45ಕ್ಕೆ ಆಗುತ್ತಿತ್ತು, ಅಂದರೆ ಅದರ ಶಾಖ ನೀರಿಗೆ ಸರಿಯಾಗಿ ದಾಟುತ್ತಿರಲಿಲ್ಲ. ಕಂಡೆನ್ಸರ್ ಕೊಳವೆಗಳೊಳಗೆ ಸುಣ್ಣ ಕಟ್ಟಿತ್ತು, ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಹೆಕ್ಕಳೆಯಂಥದ್ದೇ. ನಗರದ ನಲ್ಲಿಗೆ ಬರುವ ಶಾಂತಿಸಾಗರ, ವಾಣಿವಿಲಾಸ ಸಾಗರದ ನೀರು ಕುಡಿಯಲಿಕ್ಕೆ. ಟವರ್‌ಗೆ ಬಿಡುತ್ತಿದ್ದುದು ಕೊಳವೆಬಾವಿಯ ಗಡಸು ನೀರು. ನೀರು ಆವಿಯಾಗುತ್ತದೆ, ಸುಣ್ಣ ಆವಿಯಾಗುವುದಿಲ್ಲ. ಟನ್ನಿಗೆ ಗಂಟೆಗೆ ಸುಮಾರು ಆರೂವರೆ ಲೀಟರ್ ಆವಿಯಾಗಿ ಹೋಗುತ್ತದೆ. ಸುಣ್ಣ ದಟ್ಟವಾಗದಂತೆ ಹೊರಗೆ ಬಿಡಬೇಕಾದ ನೀರನ್ನೂ ಸೇರಿಸಿದರೆ ಹತ್ತು ಗಂಟೆಯ ಒಂದು ಸಮಾರಂಭಕ್ಕೆ ಸಾವಿರ ಲೀಟರ್. ಮಂಟಪದ ಕಾವಲುಗಾರರು ನೀರು ವ್ಯರ್ಥವಾಗುತ್ತದೆಂದು ಆ ಹೊರಬಿಡುವ ವಾಲ್ವನ್ನು ಮುಚ್ಚಿಬಿಟ್ಟಿದ್ದರು. ಚಿತ್ರದುರ್ಗದಲ್ಲಿ ನೀರು ಹರಿದು ಹೋಗುವುದನ್ನು ನೋಡಿ ಸುಮ್ಮನಿರುವವರು ಯಾರು? ಅವರನ್ನು ನಾನು ದೂರುವುದಿಲ್ಲ. ಚಾಲೂ ಮಾಡಿದ ದಿನ ಆ ವಾಲ್ವಿನ ಕೆಲಸವನ್ನು ಅವರಿಗೆ ತಿಳಿಸಿ ಹೇಳಬೇಕಾಗಿದ್ದವನು ನಾನು.

ಹೀಗಾಗಿ ತಾರಸಿ ಸ್ವಂತದ್ದಾಗಿದ್ದು ಮೇಲಿನ ಮಹಡಿಗೇ ತಂಪು ಬೇಕಾಗಿದ್ದರೆ ನಾನು ಪ್ಯಾಕೇಜನ್ನೇ ಹಾಕಿಸಿ ಎನ್ನುತ್ತೇನೆ, ಕ್ರೇನಿನ ಖರ್ಚು ಸೇರಿಸಿಯೂ. ಬಾಡಿಗೆ ಕಟ್ಟಡದಲ್ಲಿ ತಾರಸಿ ಕೊರೆಯಲು ಯಾರೂ ಬಿಡುವುದಿಲ್ಲ. ಮಂಡಿಪೇಟೆಯ ಅಂಗಡಿಗೆ ಸ್ಪ್ಲಿಟ್ ಬಿಟ್ಟು ದಾರಿಯಿರಲಿಲ್ಲ. ಅಂಥಲ್ಲಿ ಗೇಜ್ ರಾತ್ರಿಯಿಡೀ ನಿಲ್ಲಲು ಬಿಡುವ ಕೆಲಸಗಾರರನ್ನು ಹುಡುಕಿ, ಎರಡು ದಿನ ಹೆಚ್ಚು ಕೊಡಿ.

ಮಂಟಪದವರು ಈಗ ದೊಡ್ಡ ಸಭಾಂಗಣಕ್ಕೂ ನೀರಿನ ಯಂತ್ರವನ್ನೇ ಕೇಳುತ್ತಿದ್ದಾರೆ, ಕರೆಂಟ್ ಬಿಲ್ ನೋಡಿದವರಿಗೆ ಅದೇ ಸರಿ ಎನ್ನಿಸುವುದು ಸಹಜ. ಚಿಕ್ಕ ಯಂತ್ರದ ಕೊಳವೆಗಳನ್ನು ಆಮ್ಲ ಹಾಕಿ ತೊಳೆದುಕೊಟ್ಟು, ಕೊಳವೆಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಸಿ ಗಡಸುತನದ ಪರೀಕ್ಷೆಗೆ ಕಳಿಸಿದ್ದೇನೆ. ಅದರ ವರದಿ ಬರುವವರೆಗೆ ದರಪಟ್ಟಿ ಕೊಡುವುದಿಲ್ಲ ಎಂದು ಅವರಿಗೆ ಹೇಳಿದ್ದೇನೆ.